ಮುಂಗಡ ಕೊಟ್ಟ ಮುಡಿ

ಆ ಭಾನುವಾರ ಬೆಳಗ್ಗೆ ಮೋಡಗಳು ಪಡುವಲಿಂದ ಸಾಲುಸಾಲಾಗಿ ಬಂದು, ಒಂದು ಹನಿಯನ್ನೂ ಉದುರಿಸದೆ ಮೂಡಲಿಗೆ ಹೋಗುತ್ತಿದ್ದವು. ಆಷಾಢದ ಗಾಳಿ ನರಸೀಪುರದ ಬಸ್ ಸ್ಟ್ಯಾಂಡಿನ ಧೂಳನ್ನು ಬಾಚಿ ಬಾಚಿ ಅಂಗಡಿಗಳೊಳಕ್ಕೆ ಸುರಿಯುತ್ತಿತ್ತು. ಮಳೆ ಎಲ್ಲೋ ವಯನಾಡಿನ ಬೆಟ್ಟಗಳಲ್ಲಿ. ಇಲ್ಲಿಗೆ ಬಂದದ್ದು ಅದರ ಕೆಂಪು ನೀರು ಮಾತ್ರ. ಸಂಗಮದಲ್ಲಿ ಕಪಿಲೆ ಕೆಂಪಗೆ, ಕಾವೇರಿ ತನ್ನ ಬಣ್ಣದಲ್ಲಿ ತಾನು, ಒಂದಷ್ಟು ದೂರ ಜೊತೆಯಲ್ಲೇ ಬೇರೆಬೇರೆಯಾಗಿ ಹರಿದು, ಆಮೇಲೆ ಯಾರದ್ದು ಯಾವುದೆಂದು ಹೇಳಲಾಗದಂತೆ ಒಂದಾಗುತ್ತಿದ್ದವು.

ಹೇಮಲತಾ ತನ್ನ ಜೆರಾಕ್ಸ್ ಅಂಗಡಿಯ ಷಟರನ್ನು ಮೊಣಕಾಲೆತ್ತರ ಮಾತ್ರ ಎತ್ತಿ, ಬಗ್ಗಿ ಒಳಗೆ ಹೋದಳು. ಮೇಜಿನ ಕೆಳಗಿನ ಡ್ರಾಯರಿನಲ್ಲಿ, ಸ್ಟಾಂಪ್ ಪ್ಯಾಡಿನ ಅಡಿಯಲ್ಲಿ, ಆ ಫೋಟೋ ಇತ್ತು. ಏಳು ವರ್ಷದ ಹುಡುಗಿ. ಎರಡು ಜಡೆ, ಮುಂದಿನ ಒಂದು ಹಲ್ಲಿಲ್ಲ, ಅದು ಕಾಣಬಾರದೆಂದು ತುಟಿ ಬಿಗಿಹಿಡಿದು ಸೋತ ನಗೆ. ಹಿಂಬದಿಯಲ್ಲಿ ಪೆನ್ಸಿಲಿನ ದಪ್ಪ ಅಕ್ಷರ: 'ನಯನ, 2ನೇ ಕ್ಲಾಸ್'. ಅದರ ಕೆಳಗೆ ನೀಲಿ ಪೆನ್ನಿನಲ್ಲಿ, ಹೇಮಲತಾಳದೇ ಅಚ್ಚುಕಟ್ಟಾದ ಬರಹ: 'ಸಾಕ್ಷ್ಯ 1'.

ಅವಳು ಆ ನೀಲಿ ಅಕ್ಷರದ ಮೇಲೆ ರಬ್ಬರು ಉಜ್ಜಿದಳು. ಕಾಗದ ಸವೆಯಿತು, ಅಕ್ಷರ ಹೋಗಲಿಲ್ಲ.

ಹನ್ನೊಂದು ವರ್ಷದ ಹಿಂದೆ ನಂಜನಗೂಡು ತಾಲ್ಲೂಕಿನ ಹೆಡತಲೆ ಎಂಬ ಊರಿನಲ್ಲಿ ಈ ಮಗು ಒಂದು ಸಂಜೆ ಅಂಗಡಿಗೆಂದು ಹೋದದ್ದು ಮನೆಗೆ ಮರಳಲಿಲ್ಲ. ಮಾರನೆಯ ದಿನ ಹನ್ನೊಂದು ಗಂಟೆಗೆ ನಾಲೆಯ ಪಕ್ಕದ ಕಬ್ಬಿನ ಗದ್ದೆಯಲ್ಲಿ ಹೆಣ ಸಿಕ್ಕಿತು. ತಾನಾಗಿ ಸತ್ತ ಮಗುವಲ್ಲ ಎಂದು ಡಾಕ್ಟರು ಬರೆದರು. ಪೊಲೀಸರು ಎರಡು ವರ್ಷ ಅಲೆದು, ಕೊನೆಗೆ ಕೊಂದವರು ಪತ್ತೆಯಾಗಲಿಲ್ಲವೆಂದು ವರದಿ ಕೊಟ್ಟು ಫೈಲು ಕಟ್ಟಿದರು. ಹೇಮಲತಾಳ ಮಗಳು ಶ್ವೇತಳಿಗೂ ಆಗ ಏಳೇ ವರ್ಷ. ಪ್ರತಿ ಜೂನಿನಲ್ಲಿ ಮಗಳ ಯೂನಿಫಾರಂನ ಅಂಚು ಬಿಚ್ಚಿ ಉದ್ದ ಮಾಡುವಾಗ, ಇನ್ನು ಉದ್ದವಾಗದ ಆ ಇನ್ನೊಂದು ಲಂಗ ಅವಳ ಕಣ್ಣಿಗೆ ಬರುತ್ತಿತ್ತು. ಹೀಗೇ ಹೊಟ್ಟೆಯೊಳಗೆ ಇಟ್ಟುಕೊಂಡು ಇಟ್ಟುಕೊಂಡು, ಹೋದ ವರ್ಷ ಶಿವರಾತ್ರಿಯ ಹೊತ್ತಿಗೆ ಫೇಸ್‌ಬುಕ್ಕಿನಲ್ಲಿ 'ನಯನಳಿಗೆ ನ್ಯಾಯ' ಎಂಬ ಗುಂಪು ಶುರುಮಾಡಿದಳು. ಫೋಟೋ ಬೇಕೆಂದು ಹೆಡತಲೆಗೆ ಹೋದಾಗ, ಮಗುವನ್ನು ಸಾಕಿಕೊಂಡಿದ್ದ ಅಜ್ಜಿ ಮಲ್ಲಾಜಮ್ಮ ದೇವರ ಗೂಡಿನಿಂದ, ವಿಭೂತಿ ಡಬ್ಬಿಯ ಹಿಂದಿನಿಂದ, ಇದನ್ನು ತೆಗೆದುಕೊಟ್ಟಿದ್ದಳು.

"ಇದೊಂದೇ ಇರೋದು ಕನವ್ವ."

"ಸ್ಕ್ಯಾನ್ ಮಾಡಿ ನಾಳಿದ್ದೇ ತಂದುಕೊಡ್ತೀನಿ ಅವ್ವ," ಎಂದಿದ್ದಳು ಹೇಮಲತಾ.

ಆ ನಾಳಿದ್ದು ಇವತ್ತಿಗೆ ಹದಿನೇಳು ತಿಂಗಳು.

ಗುಂಪಿನಲ್ಲಿ ಈಗ ಹನ್ನೊಂದು ಸಾವಿರ ಜನ. ಕಂಡವರೆಲ್ಲ ಪತ್ತೇದಾರರು. ಮಗುವಿನ ಫೋಟೋಗೆ ಒಬ್ಬರು ಮೇಣದ ಬತ್ತಿ ಹಚ್ಚಿದರು, ಇನ್ನೊಬ್ಬರು ಅದೇನೋ ಆಪಿನಲ್ಲಿ ಹಾಕಿ ಅದು ಕಣ್ಣು ಮಿಟುಕಿಸಿ ನಗುವಂತೆ ಮಾಡಿದರು. ಊರು ಕಾಣದವರು ಊರಿನ ನಕ್ಷೆ ಬರೆದು ಬಾಣದ ಗುರುತು ಹಾಕಿದರು. ಮೈಸೂರಿನ ಕೃಷ್ಣಕುಮಾರ್ ಎಂಬ ನಿವೃತ್ತ ಬ್ಯಾಂಕ್ ಮ್ಯಾನೇಜರು ನಿಮಿಷ ನಿಮಿಷಕ್ಕೂ ಯಾರು ಎಲ್ಲಿದ್ದರೆಂದು ಪಟ್ಟಿ ಮಾಡಿದರು. ಯೂಟ್ಯೂಬ್ ಚಾನೆಲ್ ಇಟ್ಟಿದ್ದ ಅಮೃತೇಶ್ ಪ್ರತಿ ಭಾನುವಾರ ಸಂಜೆ ಆರಕ್ಕೆ 'ಲೈವ್' ಬರುತ್ತಿದ್ದ. ಮೊದಮೊದಲು ಹೇಮಲತಾ ಬೆಳಗಾಗೆದ್ದು ದೇವರಿಗೆ ದೀಪ ಹಚ್ಚುವ ಮುಂಚೆ ಗುಂಪು ನೋಡುತ್ತಿದ್ದಳು. ಈಗೀಗ ಫೋನು ಸದ್ದು ಮಾಡಿದರೆ ಅದನ್ನು ಮಗುಚಿ ಇಡುತ್ತಿದ್ದಳು. ಆದರೂ ನೋಡುತ್ತಿದ್ದಳು.

ಮೂರು ವಾರದ ಹಿಂದೆ ಯಾರೋ ಒಂದು ಹಳೆಯ ವಿಡಿಯೋ ಹಾಕಿದರು. ಮಗುವಿಗಾಗಿ ಊರವರು ಹುಡುಕುತ್ತಿದ್ದಾಗ ಮೊಬೈಲಿನಲ್ಲಿ ಹಿಡಿದದ್ದು. ಹೊತ್ತು ಒಂಬತ್ತೂವರೆ ಎಂದು ಮೂಲೆಯಲ್ಲಿ ಅಚ್ಚಾಗಿತ್ತು. ಗುಂಪಿನ ಹಿಂದೆ ಮಗುವಿನ ತಾತ ಬೆಟ್ಟಸ್ವಾಮಿ ನಿಂತಿದ್ದ. ತಲೆ ನುಣ್ಣಗೆ ಬೋಳಿಸಿತ್ತು. ಹಿಂದಿನ ದಿನ ಶಾಲೆಯ ಕಾರ್ಯಕ್ರಮದಲ್ಲಿ ತೆಗೆದ ಪಟದಲ್ಲಿ ಅದೇ ಮುದುಕನಿಗೆ ತಲೆ ತುಂಬ ಬಿಳಿಗೂದಲು.

ಅದನ್ನು ಮೊದಲು ಕಂಡವಳು ಹೇಮಲತಾ. ಬೋಳು ತಲೆಯ ಸುತ್ತ ಕೆಂಪು ಸುತ್ತು ಹಾಕಿ ಅವಳೇ ಬರೆದಳು: 'ಹೆಣ ಸಿಕ್ಕಿದ್ದು ಹನ್ನೊಂದಕ್ಕೆ. ಒಂಬತ್ತೂವರೆಗೇ ತಲೆ ಬೋಳಿಸಿದ್ದಾರೆ. ಮಗು ಸತ್ತಿದೆ ಅಂತ ಇವರಿಗೆ ಮೊದಲೇ ಹೇಗೆ ಗೊತ್ತಾಯಿತು?'

ಎರಡು ಸಾವಿರ ಜನ ಮೆಚ್ಚಿದರು. 'ಹೇಮಾ ಮೇಡಂ ಹದ್ದಿನ ಕಣ್ಣು' ಎಂದರು. ಈ ಸಂಜೆ ಆರಕ್ಕೆ ಅಮೃತೇಶ್ ಆ ಮುದುಕನ ಹೆಸರು ಹೇಳಿ, ಕೊಂದವನು ಇವನೇ ಎಂದು ಲೈವಿನಲ್ಲಿ ಸಾರುವವನಿದ್ದ. ನಿನ್ನೆ ಮೆಸೇಜು ಬಂದಿತ್ತು: 'ಮೇಡಂ, ನೀವು ಹತ್ತಿರದವರು. ಒಂದ್ಸಲ ಹೋಗಿ ಮುದುಕನ ಮುಂದೆ ಕ್ಯಾಮೆರಾ ಹಿಡೀರಿ. ಬಾಯಿ ತಡವರಿಸಿದ್ರೆ ಸಾಕು, ಮಿಕ್ಕಿದ್ದು ನಾನು ನೋಡ್ಕೋತೀನಿ.'

ಷಟರ್ ಎಳೆದು ಬೀಗ ಹಾಕುವ ಹೊತ್ತಿಗೆ ಗಂಡ ನಂಜೇಶ್ ಹಾಲಿನ ಪಾಕೀಟು ಹಿಡಿದು ಎದುರಾದ.

"ಏನ್ ಇನ್ಸ್‌ಪೆಕ್ಟ್ರಮ್ಮ, ಭಾನುವಾರನೂ ಡ್ಯೂಟಿನಾ? ಮನೇಲಿ ಕಾಫಿಪುಡಿ ಕಾಣೆಯಾಗದೆ, ಅದನ್ನೂ ವಸಿ ಪತ್ತೆ ಮಾಡ್ಕೊಟ್ಟು ಹೋಗು."

"ಮೇಲಿನ ಗೂಡಲ್ಲಿದೆ. ಹೆಡತಲೆಗೆ ಹೋಗಿ ಬತ್ತೀನಿ."

ಅವನು ನಗು ನಿಲ್ಲಿಸಿದ. "ಹೇಮಾ, ಆ ಮುದುಕಪ್ಪನ್ನ ಬುಟ್ಬುಡೇ. ಪೊಲೀಸ್ರ ಕೈಲೇ ಆಗ್ನಿಲ್ಲ."

"ಅದಕ್ಕೇ ಹೋಗ್ತಿರೋದು," ಎಂದಳು. ಬಿಡುವುದಕ್ಕೋ ಹಿಡಿಯುವುದಕ್ಕೋ ಅವಳಿಗೇ ಇನ್ನೂ ತಿಳಿದಿರಲಿಲ್ಲ. ತಿಳಿದಿದ್ದದ್ದು ಇಷ್ಟು: ಆರು ಗಂಟೆಯೊಳಗೆ ಆ ಬೋಳು ತಲೆಯ ನಿಜ ಗೊತ್ತಾಗಬೇಕು.

ಬಸ್ಸು ಸೇತುವೆ ದಾಟುವಾಗ ಕೆಳಗೆ ಸಂಗಮದ ಮೆಟ್ಟಿಲಲ್ಲಿ ಇಬ್ಬರು ಅಣ್ಣತಮ್ಮಂದಿರು ತಲೆ ಬೋಳಿಸಿಕೊಂಡು, ಒದ್ದೆ ಪಂಚೆಯಲ್ಲಿ ಬೂದಿಯ ಮಡಕೆ ಹಿಡಿದು ನಿಂತಿದ್ದರು. ನರಸೀಪುರದಲ್ಲಿ ಹುಟ್ಟಿ ಬೆಳೆದವಳಿಗೆ ಇದು ದಿನದ ನೋಟ. ಮಾವ ತೀರಿಕೊಂಡಾಗ ನಂಜೇಶನೂ ಅಲ್ಲೇ, ಅದೇ ಮೆಟ್ಟಿಲಲ್ಲಿ ತಲೆ ಕೊಟ್ಟಿದ್ದ. ಬೋಳು ತಲೆ ಕಂಡರೆ 'ಪಾಪ, ಯಾರು ಹೋದರೋ' ಎನ್ನುವುದು ಆ ಊರಿನ ಬಾಯಿಗೆ ತಾನಾಗಿ ಬರುವ ಮಾತು.

ನಂಜನಗೂಡಿನಲ್ಲಿ ಬಸ್ಸು ಬದಲಿಸಬೇಕಿತ್ತು. ಹೆಡತಲೆಯ ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ. ಇಷ್ಟು ಹತ್ತಿರ ಬಂದು ದೇವರಿಗೆ ಮುಖ ತೋರಿಸದೆ ಹೋಗುವುದುಂಟೇ ಎಂದು ಗುಡಿಯ ಕಡೆ ನಡೆದಳು. ಕಪಿಲೆಯ ಸೋಪಾನದಲ್ಲಿ ಮುಡಿ ಕೊಟ್ಟವರು ಮುಳುಗಿ ಮೇಲೆ ಬರುತ್ತಿದ್ದರು. ಗಂಧ ಬಳಿದ ಬೋಳು ತಲೆಗಳು, ಹಳದಿ ಹಳದಿಯಾಗಿ. ಒಂದು ಮಗು ತನ್ನ ತಲೆಯನ್ನು ತಾನೇ ಸವರಿಕೊಂಡು ಬೆರಗಾಗಿತ್ತು. ಅದರ ತಾಯಿಯೂ ಬೋಳು, ಅಜ್ಜಿಯೂ ಬೋಳು, ಮೂವರೂ ಒಬ್ಬರನ್ನೊಬ್ಬರು ನೋಡಿ ನಗುತ್ತಿದ್ದರು.

ಹೇಮಲತಾ ಮೆಟ್ಟಿಲ ಮೇಲೆಯೇ ನಿಂತುಬಿಟ್ಟಳು. ನದಿ ಅದೇ. ಇಲ್ಲಿ ನಗುತ್ತಾ ಕೊಟ್ಟ ಕೂದಲನ್ನು ಹೊತ್ತು ಅದೇ ನೀರು ನರಸೀಪುರಕ್ಕೆ ಬರುತ್ತದೆ. ಅಲ್ಲಿ ಅಳುತ್ತಾ ಕೊಡುವವರ ಪಾದ ತೊಳೆಯುತ್ತದೆ. ಎಷ್ಟು ಸಲ ಈ ಗುಡಿಗೆ ಬಂದಿದ್ದಾಳೆ, ಎಷ್ಟು ಮುಡಿ ನೋಡಿದ್ದಾಳೆ. ಆದರೂ ಕೆಂಪು ಸುತ್ತು ಹಾಕುವಾಗ ಅವಳಿಗೆ ಇದು ನೆನಪಾಗಲಿಲ್ಲ. ನೆನಪಾದದ್ದು ಸಂಗಮದ ಮೆಟ್ಟಿಲು ಮಾತ್ರ.

ಮನಸ್ಸು ವಾದ ಹೂಡಿತು: ಹರಕೆಯಾದರೆ, ಬೇಡಿದ್ದು ಕೈಗೂಡಿದ ಮೇಲೆ ತಾನೇ ಮುಡಿ ಕೊಡುವುದು? ಮಗು ಇನ್ನೂ ಸಿಕ್ಕಿರಲಿಲ್ಲವಲ್ಲ? ಕೃಷ್ಣಕುಮಾರ್ ಕೇಳಿದರೆ ಇದನ್ನೇ ಕೇಳುತ್ತಾರೆ. ಒಳಗೆ ನಂಜುಂಡೇಶ್ವರನಿಗೆ ಕೈಮುಗಿದಳು. ಏನು ಬೇಡಬೇಕೆಂದು ಹೊಳೆಯದೆ ಸುಮ್ಮನೆ ಕೈಮುಗಿದು ಬಂದಳು.

ಹೆಡತಲೆಯಲ್ಲಿ ಬೆಟ್ಟಸ್ವಾಮಿಯ ಮನೆ ಬೀದಿಯ ಕೊನೆಯದು. ಜಗಲಿಯ ಪಕ್ಕ ದೊಡ್ಡ ಸೀಬೆ ಮರ. ಅದರ ಕೆಳಗೆ ಹಣ್ಣು ಬಿದ್ದು ಬಿದ್ದು, ಮಾಗಿ, ಒಡೆದು, ನೊಣ ಮುತ್ತಿ ಕೊಳೆಯುತ್ತಿದ್ದವು. ಹೋದ ಸಲ ಬಂದಾಗ ಈ ಮರದಲ್ಲಿ ಹಣ್ಣಿಗಿಂತ ಹೆಚ್ಚು ಮಕ್ಕಳಿದ್ದರು. ಕೊಂಬೆಗೊಂದರಂತೆ ಜೋತಾಡುತ್ತಿದ್ದ ಆ ಸೈನ್ಯವನ್ನು ಮುದುಕ ಬಯ್ಯುತ್ತಲೇ ಕಾಯುತ್ತಿದ್ದ.

ಮಲ್ಲಾಜಮ್ಮ ಮೊರದಲ್ಲಿ ಅವರೆಬೇಳೆ ಕೇರುತ್ತಿದ್ದಳು. ಕಣ್ಣು ಕಿರಿದು ಮಾಡಿ ನೋಡಿದಳು. "ಯಾರು? ಫೋಟೋ ತಕ್ಕಂಡೋದ ಮೇಡಮ್ಮಾ? ಬಾರವ್ವ, ಕೂತ್ಕೋ. ಫೋಟೋ ತಂದ್ಯಾ?"

"ತಂದಿದ್ದೀನಿ ಅವ್ವ. ಕೊಡ್ತೀನಿ." ಕೈ ಚೀಲದೊಳಗೆ ಹೋಗಿ, ಅಲ್ಲೇ ನಿಂತಿತು. "ಮಕ್ಕಳು ಯಾರೂ ಕಾಣ್ತಿಲ್ಲ, ಮರದ ಹತ್ರ?"

ಮುದುಕಿ ಮೊರವನ್ನು ಎರಡು ಸಲ ಜಾಡಿಸಿ ಹೊಟ್ಟು ಹಾರಿಸಿದಳು. "ಅವ್ರವ್ವಂದ್ರು ಕಳುಸಲ್ಲ. ಫೋನಲ್ಲಿ ಏನೋ ಬತ್ತಾ ಅದಂತೆ ಇವ್ರ ಇಚಾರ. ನಿಮ್ಮ ಕೂಸು ಕಣ್ಣು ಮಿಟುಕುಸ್ತದೆ ನೋಡಜ್ಜಿ ಅಂತ ಪಕ್ಕದ್ಮನೇದು ತೋರ್ಸಕ್ಕೆ ಬಂತು. ನಾನು ನೋಡ್ನಿಲ್ಲ ಕನವ್ವ. ಮಣ್ಣು ಮಾಡಿದ್ ಕೂಸು ಯಾಕ ಕಣ್ಣು ಮಿಟುಕುಸ್ಬೇಕು?"

ಒಳಗಿನಿಂದ ಬೆಟ್ಟಸ್ವಾಮಿ ಬಂದ. ಎಂಬತ್ತರ ಹತ್ತಿರದ ಮುದುಕ. ಹಣೆಗೆ ಮೂರು ಬೆರಳಿನ ವಿಭೂತಿ, ಎದೆಯ ಮೇಲೆ ದಾರದಲ್ಲಿ ಲಿಂಗದ ಕರಡಿಗೆ. ಕಂಬಕ್ಕೆ ಒರಗಿ ಕೂತು ಹೇಮಲತಾಳನ್ನು ನೋಡಿದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ದೂರ ನಡೆದು ಬಂದವನ ಆಯಾಸವಿತ್ತು.

ಬಸ್ಸಿನಲ್ಲಿ ಜೋಡಿಸಿಕೊಂಡು ಬಂದ ಪ್ರಶ್ನೆಗಳೆಲ್ಲ ಉದುರಿಹೋದವು. ಅವಳು ನೇರವಾಗಿ ಕೇಳಿಬಿಟ್ಟಳು. "ಅಪ್ಪಾಜಿ, ಅವತ್ತು ಬೆಳಗ್ಗೆ... ನಯನಾ ಸಿಗೋಕೆ ಮುಂಚೆನೇ ನಿಮ್ಮ ತಲೆ ಬೋಳಿಸಿತ್ತು. ಯಾಕೆ?"

"ಮುಡಿ ಕೊಟ್ಟಿದ್ದೆ," ಎಂದ ಮುದುಕ. "ನಂಜುಂಡಪ್ಪಂಗೆ."

"ಮುಡಿ ಕೊಡೋದು ಸಿಕ್ಕಿದ ಮೇಲಲ್ವಾ?"

"ಎಲ್ಲಾರೂ ಸಿಕ್ಕುದ್ ಮ್ಯಾಲೇ ಕೊಡೋದು. ನಾನು ಮುಂಗಡ ಕೊಟ್ಬುಟ್ಟೆ." ಅವನು ಅಂಗೈಯಿಂದ ತಲೆ ಸವರಿಕೊಂಡ, ಅಲ್ಲಿ ಈಗ ತೆಳ್ಳಗೆ ಬಿಳಿಗೂದಲಿತ್ತು. "ರಾತ್ರಿಯೆಲ್ಲ ಬ್ಯಾಟ್ರಿ ಇಟ್ಕಂಡು ಉಡುಕುದ್ವಿ. ಸಿಗ್ನಿಲ್ಲ. ನಾನು ಅಂದ್ಕಂಡೆ, ಅಲ್ಲಿ ಸಾವ್ರಾರು ಜನ ಸಾಲ್ಗಟ್ಟಿ ಬೇಡ್ತಾವ್ರೆ, ಕೊಡ್ತೀನಿ ಕೊಡ್ತೀನಿ ಅಂತ ಬಾಯ್ಮಾತಲ್ಲಿ. ನಾನು ಮೊದ್ಲೇ ಕೊಟ್ಬುಟ್ರೆ ಸಾಮಿಗೆ ದಾಕ್ಷಿಣ್ಯ ಆಯ್ತದೆ, ನಮ್ ಕೆಲ್ಸ ಮೊದ್ಲು ಇಡ್ಕತಾನೆ ಅಂತ. ಮೊದ್ಲ ಬಸ್ಸಿಗೇ ಅತ್ತಿ, ತಲೆ ಕೊಟ್ಟು, ಒಂಬತ್ಕೆಲ್ಲ ಬಂದ್ಬುಟ್ಟೆ. ಊರೆಲ್ಲ ನನ್ ಕೂಸ್ನ ಉಡುಕ್ತಿದ್ರೆ ನಾನು ಅಲ್ಲಿ ತಲೆ ಬಗ್ಗುಸ್ಕಂಡು ಕೂತಿದ್ದೆ. ಅದೊಂದು ಸಂಕ್ಟ ನಂಗೆ ಇವತ್ಗೂ ಅದೆ."

"ಸಾಮಿನ ಆಡ್ಕಬ್ಯಾಡಿ," ಎಂದಳು ಮಲ್ಲಾಜಮ್ಮ ಮೊರದಿಂದ ತಲೆಯೆತ್ತದೆ.

"ಆಡ್ಕಂತಿಲ್ಲ ಕಣಮ್ಮಿ. ಅಂವ ಏನ್ ಮಾಡಾನು? ನಾನು ಕೊಡೋ ಒತ್ಗೆ ಅದು ಸತ್ತಾಗಿತ್ತಂತೆ. ಸಂಜೆನೇ." ಗಾಳಿ ಬೀಸಿ ಇನ್ನೊಂದು ಹಣ್ಣು ಬಿತ್ತು. "ಪೊಲೀಸ್ರೂ ಇದ್ನೇ ಕೇಳುದ್ರು. ಗುಡಿ ರಶೀದಿ ತೋರುಸ್ದೆ, ಮುಡಿ ತೆಗ್ದೋನ್ನ ಕರ್ಕಬಂದು ಇಚಾರುಸುದ್ರು. ಆ ರಶೀದಿ ಇಸ್ಕಂಡು ಫೈಲಿಗೆ ಸೇರುಸ್ಕಂಡ್ರು. ಅವ್ರೂ ವಾಪಸ್ ಕೊಡ್ನಿಲ್ಲ."

ಆ 'ಅವ್ರೂ' ಎಂಬ ಮಾತು ಹೇಮಲತಾಳ ಚೀಲದೊಳಗಿನ ಕೈಗೆ ತಾಗಿತು.

"ನಾವು... ನಾನು ಅಂದ್ಕೊಂಡೆ," ಎಂದಳು, "ಸತ್ತಿದ್ದಕ್ಕೆ ಬೋಳಿಸಿದ್ದೀರಿ, ಅದಕ್ಕೇ ಮೊದಲೇ ಗೊತ್ತಿತ್ತು ಅಂತ."

ಮುದುಕ ಮೊದಲ ಬಾರಿಗೆ ಅವಳನ್ನು ಬೆರಗಿನಿಂದ ನೋಡಿದ. "ಸತ್ರೆ ನಾವು ತಲೆ ಬೋಳುಸ್ಕಳಲ್ಲ ಕನವ್ವ. ಅದು ನಿಮ್ ಪೈಕೀಲಿ. ನಮ್ಮಲ್ಲಿ ಮಠದ ಅಯ್ನೋರು ಬತ್ತಾರೆ, ತಲೆ ಮ್ಯಾಲೆ ಪಾದ ಇಟ್ಟು, ಇಬೂತಿ ಆಕಿ ಮಣ್ಣು ಮಾಡ್ತೀವಿ. ಶಿವನ ತಾವ್ಕೆ ಓದ್ರು ಅಂತೀವಿ. ಸೂತ್ಕ ಇಲ್ಲ, ಬೋಳ್ಸೋದಿಲ್ಲ. ನಮ್ಮಪ್ಪ ಸತ್ತಾಗ್ಲೂ ನಾನು ಕೂದ್ಲು ತೆಗ್ಸಿಲ್ಲ. ಇದು ನಿಂಗೊತ್ತಿರ್ನಿಲ್ವಾ?"

ಗೊತ್ತಿರಲಿಲ್ಲ. ನಲವತ್ತನಾಲ್ಕು ವರ್ಷ ಲಿಂಗಾಯತರ ಬೀದಿಯ ಪಕ್ಕದ ಬೀದಿಯಲ್ಲೇ ಬದುಕಿ, ಅವರ ಮದುವೆಯಲ್ಲಿ ಉಂಡು, ಅವರ ಅರ್ಜಿಗಳನ್ನು ಟೈಪು ಮಾಡಿ, ಅವರ ಸಾವಿನ ಮನೆಗೆ ಹೋಗಿ ಕೈಮುಗಿದು ಬಂದವಳಿಗೆ ಗೊತ್ತಿರಲಿಲ್ಲ. ನೋಡಿದ್ದಳು, ಕಂಡಿರಲಿಲ್ಲ. ತನ್ನ ಮನೆಯ ಸಾವನ್ನು ತೆಗೆದುಕೊಂಡು ಹೋಗಿ ಈ ಮುದುಕನ ತಲೆಯ ಮೇಲೆ ಇಟ್ಟಿದ್ದಳು.

"ಆ ಫೋನಿನ ಮಾತು ಶುರುಮಾಡಿದ್ದು ನಾನೇ ಅಪ್ಪಾಜಿ," ಎಂದಳು. "ಕೆಂಪು ಸುತ್ತು ಹಾಕಿದ್ದು ನಾನು."

ಮೊರದ ಸದ್ದು ನಿಂತಿತು. ಮುದುಕ ಸೀಬೆ ಮರದ ಬುಡದ ಕಡೆ ತಿರುಗಿದ.

"ಕೇಳ್ಬೋದಿತ್ತಲ್ಲವ್ವ," ಎಂದ. "ಬಸ್ಸಿತ್ತಲ್ಲ."

ಅಷ್ಟೇ ಹೇಳಿದ. ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ಅವಳಿಗೆ.

ಅವಳು ಎದ್ದು ಹೊರಗೆ ಬಂದಳು. ಮನೆಯ ಹತ್ತಿರ ಫೋನಿಗೆ ಸಿಗ್ನಲ್ ಇರಲಿಲ್ಲ. ಮಠದ ಗೋಡೆಯ ಪಕ್ಕದ ಕಲ್ಲು ಬೆಂಚಿನ ಮೇಲೆ ಎರಡು ಕಡ್ಡಿ ಬಂತು. ಅಲ್ಲೇ ಕೂತು, ಒಂದು ಕೈಯಲ್ಲಿ ಸೆರಗನ್ನು ಗಾಳಿಗೆ ಹಾರದಂತೆ ಹಿಡಿದು, ಇನ್ನೊಂದು ಕೈಯ ಹೆಬ್ಬೆರಳಿನಲ್ಲಿ ಬರೆದಳು:

'ಬೆಟ್ಟಸ್ವಾಮಿಯವರ ಬಗ್ಗೆ ನಾನು ಬರೆದದ್ದು ತಪ್ಪು. ಅದು ಸಾವಿನ ಬೋಳು ಅಲ್ಲ, ಹರಕೆಯ ಮುಡಿ. ಮೊಮ್ಮಗಳು ಸಿಗಲಿ ಎಂದು ಅವರು ನಂಜುಂಡೇಶ್ವರನಿಗೆ ಮೊದಲೇ ಕೊಟ್ಟದ್ದು. ಸಾವಿಗೆ ತಲೆ ಬೋಳಿಸುವ ಪದ್ಧತಿ ಅವರ ಮನೆತನದಲ್ಲೇ ಇಲ್ಲ. ಪೊಲೀಸರು ಆಗಲೇ ವಿಚಾರಿಸಿ ಮುಗಿಸಿದ್ದರು. ನಾನು ವಿಚಾರಿಸಲಿಲ್ಲ. ತಪ್ಪು ಪೂರ್ತಿ ನನ್ನದು. ಹೇಮಲತಾ, ತಿ. ನರಸೀಪುರ.'

ಹುಳ ಹತ್ತಿದ ಹಾಗೆ ಉತ್ತರಗಳು ಹತ್ತಿದವು. 'ರಶೀದಿ ಎಲ್ಲಿ? ಫೋಟೋ ಹಾಕಿ.' 'ಮುಂಗಡ ಮುಡಿಯಂತೆ, ಕೇಳಿದ್ದೀರಾ ಯಾರಾದ್ರೂ?' 'ಮೇಡಂಗೆ ಎಷ್ಟು ಕೊಟ್ರಂತೆ?' ಕೃಷ್ಣಕುಮಾರ್ ಬರೆದರು: 'ಇದು ಭಾವನಾತ್ಮಕ ಹೇಳಿಕೆ. ನನ್ನ ಪಟ್ಟಿಯಲ್ಲಿ ಬೆಳಗ್ಗೆ ಐದರಿಂದ ಒಂಬತ್ತು ಇನ್ನೂ ಖಾಲಿ ಇದೆ.'

ಅವಳು ಅವರಿಗೆ ಇಷ್ಟೇ ಬರೆದಳು: 'ಸರ್, ಆ ಹೊತ್ತು ಅವರು ನಂಜುಂಡಪ್ಪನ ಮುಂದೆ ತಲೆ ಬಗ್ಗಿಸಿ ಕೂತಿದ್ದರು. ಅಲ್ಲಿ ತುಂಬಿಕೊಳ್ಳಿ.'

ಅಮೃತೇಶ್ ಫೋನೇ ಮಾಡಿದ. "ಮೇಡಂ, ಏನ್ ಮೇಡಂ ಇದು, ಲೈವಿಗೆ ಇನ್ನು ಐದೇ ಗಂಟೆ ಇರೋವಾಗ? ಥಂಬ್‌ನೇಲ್ ಹಾಕಿಬಿಟ್ಟಿದ್ದೀನಿ."

"ತೆಗೀರಿ."

"ಸರಿ, ಹಾಗಾದ್ರೆ ಅವರ ಬಾಯಲ್ಲೇ ಹೇಳಿಸಿ ಒಂದು ವಿಡಿಯೋ ಕಳಿಸಿ. ಅಜ್ಜ ಅಳ್ತಾ ಮುಡಿ ಕಥೆ ಹೇಳ್ಲಿ, ಅದೂ ಓಡುತ್ತೆ. ಅಜ್ಜಂಗೂ ಒಳ್ಳೇದು."

"ಅವರು ಪೊಲೀಸರ ಮುಂದೆ ಒಂದ್ಸಲ ಹೇಳಿದ್ದಾರೆ, ನನ್ನ ಮುಂದೆ ಒಂದ್ಸಲ. ಮೂರನೇ ಸಲ ಬೇಡ ಅಮೃತೇಶ್. ನೀವು ಹೆಸರು ಹೇಳಿದ್ರೆ, ಠಾಣೆಗೆ ಹೋಗಿ ಸುಳ್ಳು ಹಬ್ಬಿಸಿದವರು ಯಾರು ಅಂತ ಮೊದಲು ನನ್ನ ಹೆಸರು ಬರೆಸ್ತೀನಿ, ಆಮೇಲೆ ನಿಮ್ದು."

"ಅಯ್ಯೋ, ಬೇಜಾರಾಗ್ಬೇಡಿ ಮೇಡಂ. ಬಿಡಿ, ಬೇರೆ ಜಿಲ್ಲೇದೊಂದು ಕೇಸ್ ಇದೆ, ಜನ ಕೇಳ್ತಾನೇ ಇದ್ರು. ಇವತ್ತು ಅದನ್ನೇ ತಗೋತೀನಿ," ಎಂದ. ಸೊಪ್ಪಿನವಳು ದಂಟು ಮುಗಿದರೆ ಪಾಲಕ್ ತೋರಿಸುವಷ್ಟು ಸಲೀಸಾಗಿ.

ಹೇಮಲತಾ ಕೆಂಪು ಸುತ್ತಿನ ಪಟ ಅಳಿಸಿದಳು. ಗುಂಪನ್ನು ನಿಲ್ಲಿಸುವ ಗುಂಡಿ ಒತ್ತಿದಳು. ಅದೇ ಪಟ ಎಷ್ಟು ಸಾವಿರ ಫೋನುಗಳಲ್ಲಿದೆಯೋ, ಸಂಜೆಯೊಳಗೆ ಇನ್ಯಾರು ಇನ್ನೊಂದು ಗುಂಪು ಮಾಡುತ್ತಾರೋ, ಅವಳ ಕೈಯಲ್ಲಿಲ್ಲ. ಹೊಳೆಗೆ ಬಿಟ್ಟ ಕೂದಲನ್ನು ಹೆಕ್ಕಿ ತರುವವರುಂಟೇ? ಕೊಂದವನು ಯಾರೆಂಬುದು ಹನ್ನೊಂದು ವರ್ಷದ ಹಿಂದೆ ಎಷ್ಟು ಕತ್ತಲೆಯಲ್ಲಿತ್ತೋ ಇಂದೂ ಅಷ್ಟೇ ಕತ್ತಲೆಯಲ್ಲಿತ್ತು. ಅದನ್ನು ಬಲ್ಲವನು ಒಬ್ಬನಿದ್ದಾನೆ, ಕಂಠದಲ್ಲಿ ವಿಷ ಇಟ್ಟುಕೊಂಡು ಸುಮ್ಮನಿದ್ದಾನೆ ಎಂದುಕೊಂಡಳು. ಹಾಗೆಂದುಕೊಂಡದ್ದರಿಂದ ಸಮಾಧಾನವೇನೂ ಆಗಲಿಲ್ಲ. ಬೆನ್ನು ಒರಗಿಸಲು ಒಂದು ಗೋಡೆ ಸಿಕ್ಕಂತಾಯಿತು, ಅಷ್ಟೆ.

ಮಠದ ಬಾವಿಯ ಹತ್ತಿರ ನೀರು ಹಿಡಿಯುತ್ತಿದ್ದ ಒಬ್ಬ ಹೆಂಗಸು ಅವಳನ್ನೇ ನೋಡುತ್ತಿದ್ದಳು. ಹೇಮಲತಾ ಎದ್ದು ಅವಳ ಹತ್ತಿರ ಹೋದಳು. "ಅಕ್ಕ, ಬೆಟ್ಟಸ್ವಾಮಪ್ಪನ ಬಗ್ಗೆ ಫೋನಲ್ಲಿ ಬಂದಿದ್ದು ಸುಳ್ಳು. ಬರೆದವಳು ನಾನೇ. ಮಕ್ಕಳನ್ನ ಕಳಿಸಿ, ಹಣ್ಣು ಕೊಳೀತಾ ಇದೆ."

"ನೀನೇನಾ?" ಎಂದಳು ಆಕೆ, ಮೇಲಿನಿಂದ ಕೆಳಗಿನವರೆಗೆ ನೋಡಿ. "ನಿಂಗೇನ್ ಬಂದಿತ್ತವ್ವ ಕೇಡು?" ಕೊಡ ಎತ್ತಿ ಸೊಂಟಕ್ಕಿಟ್ಟುಕೊಂಡು ಹೋದಳು.

ಹೇಮಲತಾ ಮತ್ತೆ ಜಗಲಿಗೆ ಬಂದಾಗ ಬೆಟ್ಟಸ್ವಾಮಿ ಕಂಬಕ್ಕೊರಗಿದಲ್ಲೇ ಕಣ್ಣು ಮುಚ್ಚಿದ್ದ. ಬಾಯೊಳಗೆ ಪಂಚಾಕ್ಷರಿ ನಡೆಯುತ್ತಿದ್ದದ್ದು ತುಟಿಯಿಂದ ತಿಳಿಯುತ್ತಿತ್ತು. ಮಲ್ಲಾಜಮ್ಮ ಒಂದು ಲೋಟ ಮಜ್ಜಿಗೆಯನ್ನು ತಟ್ಟೆ ಮುಚ್ಚಿ ಇಟ್ಟಿದ್ದಳು. "ಕುಡಿ. ಬಿಸ್ಲು ಇಲ್ದಿದ್ರೂ ಗಾಳಿ ಬಾಯಿ ಒಣುಗುಸ್ತದೆ."

ಕುಡಿದಳು. ಲೋಟ ಕೆಳಗಿಟ್ಟಳು.

"ಯಾರು ಅಂತ ಮುಂದ್ಯಾವತ್ತಾರ ಗೊತ್ತಾದ್ರೆ ಯೋಳವ್ವ," ಎಂದಳು ಮುದುಕಿ. "ಬ್ಯಾಡ ಅನ್ನಲ್ಲ. ಉಡುಕೋರ್ನ ಬ್ಯಾಡ ಅನ್ನಕ್ಕೆ ನಾವ್ಯಾರು? ಆದ್ರೆ ಅದ್ನ ಕೊಟ್ಬುಡು."

ಹೇಮಲತಾ ಚೀಲದಿಂದ ಫೋಟೋ ತೆಗೆದು ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು. ಮಲ್ಲಾಜಮ್ಮ ಮುಖ ನೋಡಲಿಲ್ಲ. ಹಿಂದುಮುಂದು ಮಾಡಿ, ಬೆನ್ನಿನ ಮೇಲಿನ ಅಕ್ಷರಗಳ ಮೇಲೆ ಹೆಬ್ಬೆರಳಾಡಿಸಿದಳು. ಅವಳಿಗೆ ಓದು ಬರುತ್ತಿರಲಿಲ್ಲ.

"ಇದು ನಮ್ ಕೂಸು ಬರ್ದಿದ್ದು. ಇದ್ಯಾರ್ದು, ಕೆಳ್ಗಡೆ?"

"ನಂದು ಅವ್ವ. ಅಳಿಸೋಕೆ ನೋಡಿದೆ, ಹೋಗ್ಲಿಲ್ಲ."

"ಇರ್ಲಿ ಬುಡು," ಎಂದಳು ಮುದುಕಿ. ಸೆರಗಿನಿಂದ ಎರಡೂ ಕಡೆ ಒರೆಸಿ, ಮಂಡಿಯ ಮೇಲೆ ಕೈಯೂರಿ ಎದ್ದು, ಅದನ್ನು ಒಳಗೆ ತೆಗೆದುಕೊಂಡು ಹೋದಳು.